ಶೇಕಡಾ 14, ಆದರೆ ಯಾವುದರಲ್ಲಿ?

ನಾನು ಗಣಿತದ ಟೀಚರ್. 30 ವರ್ಷ ಮಕ್ಕಳಿಗೆ ಶೇಕಡಾ ಲೆಕ್ಕ ಹೇಳಿಕೊಟ್ಟಿದ್ದೇನೆ. ಯಾರಾದರೂ ‘ಶೇಕಡಾ 20’ ಎಂದಷ್ಟೇ ಉತ್ತರ ಬರೆದರೆ, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ಯಾವುದರಲ್ಲಿ?’ ಎಂದು ಬರೆಯುವುದು ನನ್ನ ಅಭ್ಯಾಸ. ಅಂಥವಳು 57ನೇ ವಯಸ್ಸಿನಲ್ಲಿ, ರಾತ್ರಿ ಹತ್ತೂವರೆಗೆ, ಮೊಬೈಲಿಗೆ ಬಂದ ಪಿಡಿಎಫ್‌ನಲ್ಲಿ ಶೇಕಡಾ 14 ಎಂಬ ಅಂಕಿ ನೋಡಿದೆ. ಯಾವುದರಲ್ಲಿ ಎಂದು ಕೇಳುವುದೇ ಮರೆತುಹೋಯಿತು. ಬೆಳಗಿನವರೆಗೆ ನಿದ್ದೆಯಿಲ್ಲದೆ ಕೂತಿದ್ದೆ.

ಮೊದಲಿಂದ ಹೇಳುತ್ತೇನೆ. ಅಣ್ಣನಿಗೆ ರಕ್ತದ ಕಾಯಿಲೆ ಬಂದಿತ್ತು. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬಲಿಯುತ್ತಿರಲಿಲ್ಲ. ಎಂಡಿಎಸ್ ಎನ್ನುತ್ತಾರೆ ಅದಕ್ಕೆ. ಹಾಗೇ ಬಿಟ್ಟರೆ ಲ್ಯುಕೇಮಿಯಾಗೆ, ಅಂದರೆ ರಕ್ತದ ಕ್ಯಾನ್ಸರ್‌ಗೆ, ತಿರುಗಬಹುದು, ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳನ್ನು ಬೇರೆಯವರಿಂದ ಪಡೆದು ಕಸಿ ಮಾಡುವುದೇ ದಾರಿ ಎಂದರು. ಒಡಹುಟ್ಟಿದವರ ನಡುವೆ ಪೂರ್ತಿ ಹೊಂದಿಕೆ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾವಿರುವುದು ಇಬ್ಬರೇ. ಆದರೂ ಹೊಂದಿತು. ಮದುವೆ ದಿನವೂ ನೀನು ಇಷ್ಟು ಖುಷಿಯಾಗಿರಲಿಲ್ಲ ಎಂದು ನಮ್ಮವರು ಈಗಲೂ ಅಣಕಿಸುತ್ತಾರೆ.

ದಾನಿಗೆ ಹತ್ತೆಂಟು ಪರೀಕ್ಷೆ. ಅದರಲ್ಲಿ ಒಂದು ಜೀನ್ ಪರೀಕ್ಷೆ. ಅಣ್ಣನಂಥ ಕಾಯಿಲೆ ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದಂತೆ. ಡಿಡಿಎಕ್ಸ್41 ಎಂಬ ಜೀನ್‌ನ ದೋಷ ಅಂಥದ್ದು. ಅದು ನನ್ನಲ್ಲೂ ಇದ್ದರೆ, ಅಣ್ಣನಿಗೆ ಅದೇ ತೊಂದರೆಯನ್ನು ಮತ್ತೆ ದಾನ ಮಾಡಿದಂತಾಗುತ್ತದೆ. ಹಾಗಾಗಿ ನೋಡೋಣ ಎಂದರು. ಸುಮ್ನೆ ಒಂದು ಫಾರ್ಮ್‌ಗೆ ಸಹಿ ಹಾಕಿ, ಎರಡು ಟ್ಯೂಬ್ ರಕ್ತ ಕೊಟ್ಟು ಬಂದೆ. ನಾವು ಹುಡುಕದ ಏನಾದರೂ ಸಿಗಬಹುದು ಎಂದು ಆ ಫಾರ್ಮ್‌ನಲ್ಲಿ ಬರೆದಿತ್ತು. ಓದಿದ್ದೆ ಕೂಡ. ಆದರೆ ಸಹಿ ಹಾಕುವಾಗ ಅಂಥ ಸಾಲುಗಳು ಬೇರೆ ಯಾರಿಗೋ ಬರೆದವು ಅನ್ನಿಸುತ್ತದೆ, ಅಲ್ವಾ?

ಡಾಕ್ಟರಿಗಿಂತ ಮೊದಲು ವರದಿ ನನ್ನ ಮೊಬೈಲಿಗೇ ಬಂತು. ವಂಶದ ಜೀನ್‌ಗಳೆಲ್ಲ ಸರಿಯಿದ್ದವು. ಕೆಳಗೆ ಇನ್ನೊಂದು ಸಾಲು. ಟೆಟ್2 ಎಂಬ ಜೀನ್‌ನಲ್ಲಿ ಮ್ಯುಟೇಶನ್, ಅಂದರೆ ಬದಲಾವಣೆ, ಶೇಕಡಾ 14. ಅದರ ಮುಂದೆ ‘ರಕ್ತದ ಕ್ಯಾನ್ಸರ್‌ಗಳಲ್ಲಿ ಕಂಡುಬರುತ್ತದೆ’ ಎಂಬ ಅರ್ಥದ ಒಂದು ವಾಕ್ಯ. ನನಗೆ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 14 ಎಂದು ನಾನೇ ಅರ್ಥ ಮಾಡಿಕೊಂಡೆ. ಏಳು ಜನ ನನ್ನಂಥವರು ಸಾಲಾಗಿ ನಿಂತರೆ ಅದರಲ್ಲಿ ಒಬ್ಬರು. ಆ ಏಳು ಜನರನ್ನು ರಾತ್ರಿಯಿಡೀ ಎಣಿಸಿದೆ.

ಮೂರು ದಿನ ಬಿಟ್ಟು ರಕ್ತರೋಗದ ಡಾಕ್ಟರ್ ಸಿಕ್ಕರು. ನನ್ನ ಲೆಕ್ಕ ಕೇಳಿ ನಕ್ಕುಬಿಟ್ಟರು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಪಾಠ ಮಾಡಿದರು.

ರಕ್ತದಲ್ಲಿರುವ ಜೀವಕೋಶಗಳಿಂದ ಟೆಟ್2 ಜೀನ್‌ನ ಪ್ರತಿಗಳನ್ನು ಸಾವಿರಾರು ಸಲ ಓದುತ್ತಾರೆ. ಆ ಪ್ರತಿಗಳಲ್ಲಿ 100ಕ್ಕೆ 14ರಲ್ಲಿ ತಪ್ಪು ಅಕ್ಷರವಿತ್ತು. ಶೇಕಡಾ 14 ಅಂದರೆ ಅಷ್ಟೇ. ಪ್ರತಿ ಕೋಶದಲ್ಲೂ ಈ ಜೀನ್‌ನ ಎರಡು ಪ್ರತಿ ಇರುತ್ತವೆ, ಸಾಮಾನ್ಯವಾಗಿ ಒಂದರಲ್ಲಿ ಮಾತ್ರ ತಪ್ಪು ಇರುತ್ತದೆ. ಹಾಗಾದರೆ ಎಷ್ಟು ಕೋಶಗಳಲ್ಲಿ ತಪ್ಪಿದೆ? ‘ಟೀಚರ್, ನೀವೇ ಹೇಳಿ’ ಎಂದರು. 28, ಎಂದೆ. ಸುಮಾರು ಕಾಲು ಭಾಗಕ್ಕಿಂತ ಜಾಸ್ತಿ.

ಅದಕ್ಕಿಂತ ಬೆರಗಿನ ಲೆಕ್ಕ ಮುಂದಿತ್ತು. ವಯಸ್ಕರ ಮಜ್ಜೆಯಲ್ಲಿ ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳು ಅಂದಾಜು 50,000ದಿಂದ 2,00,000 ಇರುತ್ತವಂತೆ. ಪ್ರತಿಯೊಂದರಲ್ಲೂ ವರ್ಷಕ್ಕೆ ಹದಿನೈದು ಇಪ್ಪತ್ತು ಅಕ್ಷರದ ತಪ್ಪುಗಳು ಸೇರುತ್ತಾ ಹೋಗುತ್ತವೆ. ಹೆಚ್ಚಿನವು ಯಾವ ಕೆಲಸಕ್ಕೂ ಬಾರದ ಜಾಗದಲ್ಲಿ ಆಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲೋ ಒಂದು ಕೋಶಕ್ಕೆ ಮಾತ್ರ ತಪ್ಪು ಬೀಳಬಾರದ ಜಾಗದಲ್ಲಿ ಬಿದ್ದು, ಅದು ಉಳಿದವುಗಳಿಗಿಂತ ಚೂರು ಚುರುಕಾಗಿ ಹೆಚ್ಚುತ್ತದೆ. ಚೂರೇ ಚೂರು. ಆದರೆ ಚಕ್ರಬಡ್ಡಿ ಗೊತ್ತಲ್ಲ. ಇಪ್ಪತ್ತು ಮೂವತ್ತು ವರ್ಷ ಕಳೆಯುವ ಹೊತ್ತಿಗೆ ಆ ಒಂದು ಕೋಶದ ಸಂತಾನ ರಕ್ತದ ಕಾಲು ಭಾಗ ಆಕ್ರಮಿಸಿಕೊಂಡಿರುತ್ತದೆ. ನನ್ನ ರಕ್ತದ ಕಾಲು ಭಾಗಕ್ಕೂ ಜಾಸ್ತಿ ಒಂದೇ ಅಜ್ಜಿಯ ಮೊಮ್ಮಕ್ಕಳು. ಆ ತಪ್ಪು ಯಾವಾಗ ಆಯಿತೋ. ನಾನು ಕಾಲೇಜಿನಲ್ಲಿದ್ದಾಗಲೋ, ಮಗಳಿಗೆ ಹಾಲೂಡಿಸುತ್ತಿದ್ದಾಗಲೋ.

ವಂಶದಿಂದ ಬಂದಿದ್ದರೆ ಅಂಕಿ 50ರ ಹತ್ತಿರ ಇರಬೇಕಿತ್ತು, ಏಕೆಂದರೆ ಆಗ ಪ್ರತಿ ಕೋಶದಲ್ಲೂ ಒಂದು ಪ್ರತಿ ಕೆಟ್ಟಿರುತ್ತದೆ. ಆದರೂ ಖಚಿತ ಮಾಡಿಕೊಳ್ಳಲು ತೋಳಿನಿಂದ ಚರ್ಮದ ಸಣ್ಣ ಚೂರು ತೆಗೆದರು. ಅದನ್ನು ಬೆಳೆಸಿ ಪರೀಕ್ಷೆ ಮಾಡಲು ವಾರಗಳೇ ಹಿಡಿದವು. ಚರ್ಮದಲ್ಲಿ ಆ ಮ್ಯುಟೇಶನ್ ಇರಲಿಲ್ಲ. ಅಂದರೆ ಮಗಳಿಗೆ ಇದನ್ನು ನಾನು ಕೊಟ್ಟಿಲ್ಲ. ಆ ಮಾತು ಕೇಳಿದಾಗ ಉಳಿದದ್ದೆಲ್ಲ ಸಣ್ಣದಾಗಿ ಕಂಡಿತು.

ಈ ಸ್ಥಿತಿಗೆ ಒಂದು ಉದ್ದ ಹೆಸರಿದೆ, ಅದನ್ನು ಚುಟುಕಾಗಿ ‘ಚಿಪ್’ ಎನ್ನುತ್ತಾರೆ. 2015ರಲ್ಲಿ ಇಟ್ಟ ಹೆಸರು. ಕ್ಯಾನ್ಸರ್ ಇರಬಾರದು, ರಕ್ತಕಣಗಳ ಎಣಿಕೆ ಸರಿಯಾಗಿರಬೇಕು, ಆದರೆ ಇಂಥ ಮ್ಯುಟೇಶನ್ ಶೇಕಡಾ 2 ಅಥವಾ ಹೆಚ್ಚು ಪ್ರತಿಗಳಲ್ಲಿ ಸಿಗಬೇಕು. ಆಗ ಅದು ಚಿಪ್. ನಮ್ಮ ಅತ್ತಿಗೆ ಫೋನಿನಲ್ಲಿ ಯಾರಿಗೋ ‘ಅವಳ ಮೈಯೊಳಗೆ ಚಿಪ್ ಸಿಕ್ಕಿದೆಯಂತೆ’ ಎಂದು ಹೇಳುತ್ತಿದ್ದರು. ಆ ಕಡೆಯವರು ಏನು ತಿಳಿದುಕೊಂಡರೋ. ಅಣ್ಣ ಮಾತ್ರ ಆಸ್ಪತ್ರೆ ಮಂಚದ ಮೇಲಿಂದಲೇ, ‘ನಂಗೆ ಸ್ಟೆಮ್ ಸೆಲ್ ಕೊಡ್ತೀನಿ ಅಂತ ಹೋಗಿ ಕೈಗೆ ಚಿಪ್ಪು ಕೊಟ್ಟಳು’ ಎಂದು ನಗಾಡಿದ.

ಅವನ ಮಾತು ನಿಜವೇ ಆಯಿತು. ನನ್ನ ಸ್ಟೆಮ್ ಸೆಲ್ ಕೊಟ್ಟರೆ ಈ ಕೋಶಗಳೂ ಅವನ ಮಜ್ಜೆಗೆ ಹೋಗಿ ನೆಲೆಸುತ್ತವೆ. ತಂಡದ ಒಬ್ಬ ಡಾಕ್ಟರಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ಇಂಥ ದಾನಿಗಳಿಂದ ಪಡೆದವರು ಚೆನ್ನಾಗಿಯೇ ಇದ್ದಾರೆ, ಪೂರ್ತಿ ಹೊಂದಿಕೆ ಬಿಡುವುದು ಬೇಡ ಎಂದರು. ಇನ್ನೊಬ್ಬರು ಒಪ್ಪಲಿಲ್ಲ. ಕೊನೆಗೆ 29 ವರ್ಷದ ಅಣ್ಣನ ಮಗನದ್ದು ಅರ್ಧ ಹೊಂದಿಕೆ, ವಯಸ್ಸು ಚಿಕ್ಕದು ಎಂದು ಅವನನ್ನೇ ಆರಿಸಿದರು. ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಕಾಯಿಲೆ ಇದೆ ಎಂದಾಗ ಆದದ್ದಕ್ಕಿಂತ, ನೀನು ಬೇಡ ಎಂದಾಗ ಆದ ನೋವು ಜಾಸ್ತಿ. ಇದನ್ನು ಆಗ ಯಾರಿಗೂ ಹೇಳಲಿಲ್ಲ.

ಕ್ಯಾನ್ಸರ್ ಲೆಕ್ಕ ಬೇಗ ಮುಗಿಯಿತು. ಚಿಪ್ ಇರುವ ಎಲ್ಲರನ್ನೂ ಸೇರಿಸಿ ನೋಡಿದರೆ ವರ್ಷಕ್ಕೆ 200 ಜನರಲ್ಲಿ ಒಬ್ಬರಿಂದ ಇಬ್ಬರಿಗೆ ರಕ್ತದ ಕ್ಯಾನ್ಸರ್ ಆಗುತ್ತದೆ. ಯಾವ ಜೀನ್, ಎಷ್ಟು ಮ್ಯುಟೇಶನ್, ಅಂಕಿ 20 ದಾಟಿದೆಯೇ, ವಯಸ್ಸು 65 ಆಗಿದೆಯೇ, ಕೆಂಪುಕಣಗಳ ಗಾತ್ರ ಹೇಗಿದೆ ಎಂದೆಲ್ಲ ನೋಡಿ ಅಂಕ ಕೊಡುವ ಒಂದು ವಿಧಾನ 2023ರಲ್ಲಿ ಬಂದಿದೆ. ಅದರಲ್ಲಿ ನಾನು ಕಡಿಮೆ ಅಪಾಯದ ಗುಂಪಿನಲ್ಲಿದ್ದೆ. ಆರು ತಿಂಗಳಿಗೊಮ್ಮೆ ರಕ್ತದ ಎಣಿಕೆ ಮಾಡಿಸಿ, ಸಾಕು ಎಂದರು ರಕ್ತದ ಡಾಕ್ಟರ್. ನಾನು ಎದ್ದು ಬ್ಯಾಗ್ ತಗೊಂಡೆ.

‘ಕೂತ್ಕೊಳ್ಳಿ. ನನಗೆ ನಿಮ್ಮ ರಕ್ತಕ್ಕಿಂತ ಹೃದಯದ ಯೋಚನೆ’ ಎಂದರು.

ಹೃದಯಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ. 2014ರವರೆಗೆ ಡಾಕ್ಟರುಗಳಿಗೂ ಹೊಳೆದಿರಲಿಲ್ಲವಂತೆ. ಆ ವರ್ಷ ಅಮೆರಿಕದ ಸಂಶೋಧಕರು 17,182 ಜನರ ರಕ್ತದ ಜೀನ್ ಮಾಹಿತಿ ಜಾಲಾಡಿದರು. ಅದರಲ್ಲಿ ಬಹುಪಾಲು ಡಯಾಬಿಟಿಸ್ ಸಂಶೋಧನೆಗೆಂದು ಕೂಡಿಟ್ಟ ಮಾಹಿತಿ. 40 ವರ್ಷದೊಳಗಿನವರಲ್ಲಿ ಇಂಥ ಮ್ಯುಟೇಶನ್ ಅಪರೂಪ. 70 ದಾಟಿದವರಲ್ಲಿ ಹತ್ತಕ್ಕೆ ಒಬ್ಬರಲ್ಲಿ ಇತ್ತು. ಇದ್ದವರಲ್ಲಿ ಸಾವು ಹೆಚ್ಚಿತ್ತು. ಆದರೆ ಆ ಹೆಚ್ಚುವರಿ ಸಾವುಗಳ ಲೆಕ್ಕ ರಕ್ತದ ಕ್ಯಾನ್ಸರ್‌ನಿಂದ ಸರಿಹೋಗಲಿಲ್ಲ. ಬಾಕಿ ಎಲ್ಲಿ ಹೋಯಿತು ಎಂದು ಹುಡುಕಿದರೆ ಹಾರ್ಟ್ ಅಟ್ಯಾಕ್ ಮತ್ತು ಸ್ಟ್ರೋಕ್ ಕಾಲಂನಲ್ಲಿ ಸಿಕ್ಕಿತು. ಕೂಡಿಸಿದಾಗ ತಾಳೆಯಾಗದ ಮೊತ್ತದಿಂದ ಹುಟ್ಟಿದ ಸಂಶೋಧನೆ ಇದು. ನನ್ನಂಥವಳಿಗೆ ಇದಕ್ಕಿಂತ ಚಂದದ ಕಥೆ ಬೇರೆ ಇಲ್ಲ, ನನ್ನದೇ ಮೈಯ ಕಥೆ ಆಗಿರದಿದ್ದರೆ.

ಕಾರಣ ಗೊತ್ತಾದದ್ದು 2017ರಲ್ಲಿ, ಇಲಿಗಳ ಮೇಲಿನ ಪ್ರಯೋಗದಿಂದ. ಕೊಲೆಸ್ಟರಾಲ್ ರಕ್ತನಾಳದ ಗೋಡೆಯಲ್ಲಿ ಕೂತಾಗ ಅದನ್ನು ತಿಂದು ತೆಗೆಯಲು ಬಿಳಿಕಣಗಳು ಹೋಗುತ್ತವೆ. ಟೆಟ್2 ಕೆಟ್ಟ ಬಿಳಿಕಣಗಳು ಮುಂಗೋಪಿಗಳು. ಸಣ್ಣ ವಿಷಯಕ್ಕೂ ಉರಿಯೂತದ ಸಂಕೇತಗಳನ್ನು ವಿಪರೀತ ಸುರಿಯುತ್ತವೆ. ಇಂಟರ್‌ಲ್ಯೂಕಿನ್-1 ಬೀಟಾ ಎಂಬುದು ಅದರಲ್ಲಿ ಮುಖ್ಯ. ಅದರಿಂದ ನಾಳದ ಗೋಡೆ ಕೆರಳಿ, ಕೊಬ್ಬಿನ ಗಂಟು ಇನ್ನೂ ದೊಡ್ಡದಾಗುತ್ತದೆ. ಬೆಂಕಿ ಆರಿಸಲು ಹೋದವರೇ ಎಣ್ಣೆ ಸುರಿದಂತೆ. ಗಂಟು ಮೊದಲೋ ಮ್ಯುಟೇಶನ್ ಮೊದಲೋ ಎಂಬ ವಾದ ಕೆಲವು ವರ್ಷ ನಡೆಯಿತು. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಆರೋಗ್ಯವಾಗಿದ್ದ ಮಧ್ಯವಯಸ್ಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಮ್ಯುಟೇಶನ್ ಇದ್ದವರಲ್ಲಿ ಆಮೇಲೆ ಗಂಟು ಕಾಣಿಸಿಕೊಂಡಿತ್ತು. ಗಂಟು ಇದ್ದ ಮಾತ್ರಕ್ಕೆ ಮ್ಯುಟೇಶನ್ ಕೋಶಗಳು ಬೇಗ ಬೆಳೆದಿರಲಿಲ್ಲ.

‘ಅಪಾಯ ಎಷ್ಟು ಪಟ್ಟು?’ ಎಂದು ಕೇಳಿದೆ. ಮೊದಲ ಅಧ್ಯಯನಗಳಲ್ಲಿ ಸುಮಾರು ಎರಡು ಪಟ್ಟು ಎಂದಿತ್ತು, ಆಮೇಲೆ ಬಂದ ತುಂಬ ದೊಡ್ಡ ಅಧ್ಯಯನಗಳಲ್ಲಿ ಅಷ್ಟು ಕಾಣಲಿಲ್ಲ, ಜೀನ್‌ನಿಂದ ಜೀನ್‌ಗೂ ವ್ಯತ್ಯಾಸ ಇದೆ ಎಂದರು. ಜಾಕ್2 ಎಂಬುದು ಎಲ್ಲಕ್ಕಿಂತ ಕೆಟ್ಟದ್ದು. ಡಿಎನ್‌ಎಂಟಿ3ಎ ಎಲ್ಲಕ್ಕಿಂತ ಸಾಮಾನ್ಯ. ನನ್ನದು ನಡುವಿನದ್ದು. ಈ ಸಲ ನಾನು ಕೆಂಪು ಇಂಕು ಮರೆಯಲಿಲ್ಲ. ಎರಡು ಪಟ್ಟು ಎಂದರೆ ಯಾವುದರ ಎರಡು ಪಟ್ಟು? ಹತ್ತು ವರ್ಷದಲ್ಲಿ 100ಕ್ಕೆ 2 ಇದ್ದದ್ದು 4 ಆಗುವುದು ಬೇರೆ, 20 ಇದ್ದದ್ದು 40 ಆಗುವುದು ಬೇರೆ. ಡಾಕ್ಟರ್ ಮೇಜು ತಟ್ಟಿದರು. ‘ಅದೇ ವಿಷಯ. ಗುಣಿಸುವ ಸಂಖ್ಯೆ ನಮ್ಮ ಕೈಯಲ್ಲಿಲ್ಲ. ಮೂಲ ಸಂಖ್ಯೆ ಇದೆ. ಅದನ್ನು ಇಳಿಸಿ.’

ಹಾಗೆ ನಾನು ಹೃದಯದ ಡಾಕ್ಟರ ಬಳಿ ಹೋದೆ. ಎದೆನೋವಿಲ್ಲ, ಏದುಸಿರಿಲ್ಲ, ಮೂರು ಮಹಡಿ ಮೆಟ್ಟಿಲು ಹತ್ತುತ್ತೇನೆ. ಏನು ತೊಂದರೆ ಎಂದರು. ಟೆಟ್2 ಎಂದೆ. ಅವರು ವರದಿಯನ್ನು ಎರಡು ಸಲ ಓದಿ, ‘ಇದನ್ನು ಹಿಡಿದುಕೊಂಡು ಬಂದ ಮೊದಲ ಪೇಷೆಂಟ್ ನೀವೇ’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಒಂದು ಮಾತಿನಿಂದ.

ಬಿಪಿ 146ಕ್ಕೆ 88. ವರ್ಷಗಳಿಂದ ಹೀಗೇ ಇತ್ತು, ಟೆನ್ಷನ್‌ಗೆ ಅಂದುಕೊಂಡಿದ್ದೆ. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 142. ಸಕ್ಕರೆ ಗಡಿಯಲ್ಲಿ. ಉರಿಯೂತ ಅಳೆಯುವ ಸಿಆರ್‌ಪಿ 9 ಬಂತು. ನೋಡಿ ಕೈಕಾಲು ತಣ್ಣಗಾಯಿತು. ನನ್ನ ಮುಂಗೋಪಿ ಕೋಶಗಳು ಕೆಲಸ ಶುರು ಮಾಡಿವೆ ಎಂದುಕೊಂಡೆ. ‘ಹೋದ ವಾರ ನೆಗಡಿ ಆಗಿತ್ತಾ?’ ಎಂದು ಡಾಕ್ಟರ್ ಕೇಳಿದರು. ಆಗಿತ್ತು. ಮೂರು ವಾರ ಬಿಟ್ಟು ಮತ್ತೆ ಮಾಡಿಸಿದರೆ 2.4. ನೆಗಡಿ, ಜ್ವರ, ಹಲ್ಲುನೋವು ಏನಿದ್ದರೂ ಈ ಪರೀಕ್ಷೆ ಮಾಡಿಸಬೇಡಿ. ಸುಮ್ನೆ ಹೆದರಿಕೆ.

ಆಮೇಲೆ ಕ್ಯಾಲ್ಸಿಯಂ ಸ್ಕೋರ್. ಇದು ಹೃದಯದ ರಕ್ತನಾಳಗಳಲ್ಲಿ ಸುಣ್ಣಗಟ್ಟಿದ ಭಾಗ ಎಷ್ಟಿದೆ ಎಂದು ಸಿಟಿ ಸ್ಕ್ಯಾನ್‌ನಲ್ಲಿ ನೋಡುವುದು. ಸೂಜಿಯಿಲ್ಲ, ಬಣ್ಣದ ದ್ರವವಿಲ್ಲ, ಉಸಿರು ಬಿಗಿಹಿಡಿದು ಮಲಗಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ನನ್ನ ವಯಸ್ಸಿನ ಹೆಂಗಸರಲ್ಲಿ ಹೆಚ್ಚಿನವರಿಗೆ ಸೊನ್ನೆ ಬರುತ್ತದೆ. ನನಗೆ 64 ಬಂತು. ಮ್ಯುಟೇಶನ್‌ನಿಂದಲೋ, ಬಿಪಿಯಿಂದಲೋ, ಕೊಲೆಸ್ಟರಾಲ್‌ನಿಂದಲೋ? ಅದನ್ನು ಬಿಡಿಸಿ ಹೇಳಲು ಆಗುವುದಿಲ್ಲ ಎಂದರು. ಸ್ಕ್ಯಾನ್ ಚಿತ್ರದಲ್ಲಿ ಎರಡು ಬಿಳಿ ಚುಕ್ಕೆ. ಸೀಮೆಸುಣ್ಣದ ಚೂರಿನ ಹಾಗೆ. ಇಡೀ ಜೀವನ ಸೀಮೆಸುಣ್ಣದ ಜೊತೆ ಕಳೆದವಳಿಗೆ ಅದು ಎದೆಯೊಳಗೂ ಹೋಗಿತ್ತು.

ಚಿಕಿತ್ಸೆ? ಕೇಳಿದರೆ ನಿರಾಸೆ ಆಗಬಹುದು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ, ಬಿಪಿ ಮಾತ್ರೆ, ದಿನಾ 45 ನಿಮಿಷ ಬಿರುಸಿನ ನಡಿಗೆ. ಚಿಪ್ ಇಲ್ಲದವರಿಗೂ ಇದನ್ನೇ ಹೇಳುತ್ತಿದ್ದರು. ಒಂದೇ ವ್ಯತ್ಯಾಸ ಅಂದರೆ, ಗಡಿಯಲ್ಲಿದ್ದವಳಿಗೆ ‘ಇನ್ನೂ ಸ್ವಲ್ಪ ದಿನ ನೋಡೋಣ’ ಎನ್ನದೆ ಅವತ್ತೇ ಶುರು ಮಾಡಿದರು. ಸಿಗರೇಟು ಸೇದುತ್ತೀರಾ ಎಂದು ಇಬ್ಬರೂ ಡಾಕ್ಟರುಗಳು ಒತ್ತಿ ಕೇಳಿದ್ದರು. ಹೊಗೆ ಹೃದಯಕ್ಕೆ ಕೆಟ್ಟದ್ದು ಎನ್ನುವುದು ಹಳೆಯ ವಿಷಯ. ಎಎಸ್‌ಎಕ್ಸ್‌ಎಲ್1 ಎಂಬ ಜೀನ್‌ನ ಮ್ಯುಟೇಶನ್ ಸೇದುವವರಲ್ಲೇ ಜಾಸ್ತಿ ಕಾಣುತ್ತದೆ ಎನ್ನುವುದು ಹೊಸದು.

ನಾನು ಸುಮ್ಮನೆ ಕೂರುವವಳಲ್ಲ. ಓದಿದೆ. ಟೆಟ್2 ಮಾಡುವ ಕೆಲಸಕ್ಕೆ ವಿಟಮಿನ್ ಸಿ ನೆರವಾಗುತ್ತದೆ ಎಂದು 2017ರಲ್ಲಿ ಇಲಿಗಳಲ್ಲಿ ತೋರಿಸಿದ್ದರು. ತಕ್ಷಣ ದೊಡ್ಡ ಡಬ್ಬಿ ಮಾತ್ರೆ ತಂದು ನುಂಗತೊಡಗಿದೆ. ರಕ್ತದ ಡಾಕ್ಟರ್ ಕೇಳಿ, ‘ನೀವು ಇಲಿಯಾಗಿದ್ದರೆ ನಾನೇ ಬರೆದುಕೊಡುತ್ತಿದ್ದೆ’ ಎಂದರು. ಮನುಷ್ಯರ ಹೃದಯಕ್ಕೆ ಇದರಿಂದ ಲಾಭ ಎಂದು ಸಾಬೀತಾಗಿಲ್ಲ, ಅತಿಯಾದರೆ ಕಿಡ್ನಿಯಲ್ಲಿ ಕಲ್ಲು ಆಗಬಹುದು. ಡಬ್ಬಿ ಈಗಲೂ ಅರ್ಧ ತುಂಬಿದೆ.

ಮುಂದಿನ ಸಲ ಇನ್ನೂ ಗಟ್ಟಿ ಪ್ರಶ್ನೆ ತೆಗೆದುಕೊಂಡು ಹೋದೆ. ಇಂಟರ್‌ಲ್ಯೂಕಿನ್-1 ಬೀಟಾ ತಡೆಯುವ ಔಷಧಿಯೇ ಇದೆಯಲ್ಲ, ಕ್ಯಾನಕಿನುಮ್ಯಾಬ್, ಅದನ್ನು ಯಾಕೆ ಕೊಡಬಾರದು? 2017ರಲ್ಲಿ ಮುಗಿದ ಕ್ಯಾಂಟೋಸ್ ಪ್ರಯೋಗದಲ್ಲಿ, ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ 10,061 ಜನರ ಮೇಲೆ ಅದನ್ನು ಪರೀಕ್ಷಿಸಿದ್ದರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ತೊಂದರೆಗಳು ಶೇಕಡಾ 15 ಇಳಿದವು. ಯಾವುದರಲ್ಲಿ ಎಂದು ನೋಡಿದರೆ, ವರ್ಷಕ್ಕೆ 100 ಜನರಲ್ಲಿ 4.5 ಇದ್ದದ್ದು 3.86 ಆಗಿತ್ತು. ಇನ್ನೊಂದು ಕಡೆ, ಸೋಂಕಿನಿಂದ ಸಾಯುವವರು ಹೆಚ್ಚಾದರು. ಟೆಟ್2 ಇದ್ದವರಿಗೆ ಲಾಭ ಇನ್ನೂ ಜಾಸ್ತಿ ಇತ್ತು ಎಂದು ಆಮೇಲೆ ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೆ ಅದು ಚಿಕ್ಕ ಗುಂಪು, ಪ್ರಯೋಗ ಮುಗಿದ ಮೇಲೆ ಆರಿಸಿ ನೋಡಿದ್ದು. ಪರೀಕ್ಷೆ ಮುಗಿದ ಮೇಲೆ ಚೆನ್ನಾಗಿ ಬರೆದವರನ್ನಷ್ಟೇ ಒಂದು ಬೆಂಚಿನಲ್ಲಿ ಕೂರಿಸಿ, ಆ ಬೆಂಚೇ ಒಳ್ಳೆಯದು ಎಂದ ಹಾಗೆ ಆಗಬಾರದಲ್ಲ. ಹಾರ್ಟ್ ಅಟ್ಯಾಕ್ ಆಗದ ನನಗೆ ಆ ಔಷಧಿ ಬರೆಯಲು ಆಧಾರ ಇಲ್ಲ ಎಂದರು. ಉರಿಯೂತ ತಗ್ಗಿಸುವ ಕಾಲ್ಚಿಸಿನ್ ಎಂಬ ಹಳೆಯ ಮಾತ್ರೆಯ ಬಗ್ಗೆಯೂ ಕೇಳಿದೆ. ಸದ್ಯ ಬೇಡ ಎಂದರು. ಆಗ ಮುನಿಸು ಬಂತು, ಈಗ ಅವರು ಹೇಳಿದ್ದು ಸರಿ ಅನ್ನಿಸುತ್ತದೆ.

ಒಂದು ವರ್ಷ ಕಳೆದು ಜೀನ್ ಪರೀಕ್ಷೆ ಮತ್ತೆ ಮಾಡಿದರು. 15 ಬಂತು. 14ರಿಂದ 15. ನನ್ನ ಮುಖ ನೋಡಿಯೇ ಡಾಕ್ಟರ್, ಒಂದೇ ಟ್ಯೂಬಿನ ರಕ್ತವನ್ನು ಎರಡು ಸಲ ಓದಿದರೂ ಇಷ್ಟು ಹೆಚ್ಚುಕಡಿಮೆ ಬರಬಹುದು, ನಿಜವಾಗಿ ಬೆಳೆದಿದ್ದರೂ ಇದು ನಿಧಾನದ ಬೆಳವಣಿಗೆ ಎಂದರು. ಎಲ್‌ಡಿಎಲ್ 68ಕ್ಕೆ ಇಳಿದಿತ್ತು. ಬಿಪಿ 124ಕ್ಕೆ 78. ರಕ್ತದ ಎಣಿಕೆ ಸರಿಯಾಗಿತ್ತು. ಮೂರು ಒಳ್ಳೆಯ ಅಂಕಿಗಳನ್ನು ಬಿಟ್ಟು, ಕಾರಿನಲ್ಲಿ ಬರುವಾಗ ಆ 15ನ್ನೇ ನೆನೆಸಿಕೊಂಡೆ. ಗಣಿತ ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಣ್ಣನಿಗೆ ಕಸಿ ಆಗಿ ಹದಿನಾಲ್ಕು ತಿಂಗಳಾಯಿತು. ಬಾಯಿಹುಣ್ಣು, ಚರ್ಮದ ತುರಿಕೆ, ಸೋಂಕು ಎಂದು ಎರಡು ಸಲ ಆಸ್ಪತ್ರೆ ಸೇರಿ ಬಂದ. ಈಗ ಪರವಾಗಿಲ್ಲ. ‘ನನ್ನ ರಕ್ತಕ್ಕೆ ಈಗ 30, ನಿಂದಕ್ಕೆ 58’ ಎಂದು ಹಂಗಿಸುತ್ತಾನೆ. ಲೆಕ್ಕ ಸರಿಯಾಗಿಯೇ ಇದೆ, ಹಾಗಾಗಿ ವಾದ ಮಾಡಲು ಆಗುವುದಿಲ್ಲ.

ರಕ್ತ ಪರೀಕ್ಷೆಗೆ ಹೋದಾಗಲೆಲ್ಲ ಒಂದು ಫಾರ್ಮ್ ತುಂಬಬೇಕು. ಅದರಲ್ಲಿ ‘ಕಾಯಿಲೆ’ ಎಂಬ ಕಾಲಂ ಇದೆ. ಮೊದಲ ಸಲ ‘ಇಲ್ಲ’ ಎಂದು ಬರೆದೆ. ಎರಡನೇ ಸಲ ಚಿಪ್ ಎಂದು ಬರೆದಾಗ, ಕೌಂಟರಿನ ಹುಡುಗಿ ಹಾಗೆಂದರೇನು ಎಂದು ಕೇಳಿದಳು, ಹಿಂದೆ ಸಾಲು ಬೆಳೆಯಿತು. ಮೊನ್ನೆ ಆ ಕಾಲಂ ಖಾಲಿ ಬಿಟ್ಟೆ. ಅವಳು ತಾನೇ ‘ತಪಾಸಣೆ’ ಎಂದು ಬರೆದುಕೊಂಡು, ತೋಳು ಮೇಲೆ ಮಾಡಿ ಮೇಡಂ, ಎಂದಳು.